ಕಲಬೆರಕೆಯಿಲ್ಲದ ಓಟ್ಸ್ ಹುಡುಕಿಕೊಂಡು

ಲಿಸ್ಸಿಯ ಅಡುಗೆಮನೆ

ಆ ದಿನ ಎದ್ದವಳು ಮೊದಲು ಪರದೆ ಸರಿಸಿ ಬೆಳಕಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ. ನವೆಂಬರಿನ ಫಿನ್ಲೆಂಡಿನಲ್ಲಿ ಬೆಳಗಾಗುವುದು ಗಡಿಯಾರದಲ್ಲಿ ಮಾತ್ರ. ಆಕಾಶಕ್ಕೆ ಅದರ ಸುದ್ದಿ ಮುಟ್ಟುವ ಹೊತ್ತಿಗೆ ನಮ್ಮ ಕಡಬದಲ್ಲಿ ಮಧ್ಯಾಹ್ನದ ಊಟದ ಸಮಯ. ಎದುರಿನ ಕಟ್ಟಡದ ಕಿಟಕಿಗಳಲ್ಲಿ ಹಳದಿ ದೀಪ ಉರಿಯುತ್ತಿತ್ತು. ಒಂದೊಂದು ಕಿಟಕಿಯಲ್ಲಿ ಒಬ್ಬೊಬ್ಬರು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. ತಮಗೂ ಪಕ್ಕದವರಿಗೂ ನಡುವೆ ಇರುವುದು ಒಂದೇ ಗೋಡೆ ಎಂಬುದು ಅವರಿಗೆ ಗೊತ್ತಿರುವಂತೆ ಕಾಣಲಿಲ್ಲ.

ಆಮೇಲಿನದೆಲ್ಲ ದಿನದ ಕೆಲಸ. ಮಗಳು ರೀನುವನ್ನು ಎಬ್ಬಿಸಿದೆ. ಅವಳು ಕಣ್ಣು ಮುಚ್ಚಿಕೊಂಡೇ ಬೆರಳು ಚಾಚಿದಳು. ಸೂಜಿ ಚುಚ್ಚಿ, ರಕ್ತದ ಹನಿ ಪಟ್ಟಿಗೆ ತಾಗಿಸಿ, ಸಕ್ಕರೆ ಎಷ್ಟಿದೆಯೆಂದು ನೋಡಿದೆವು. ಅವಳು ಹೊಟ್ಟೆಯ ಬದಿಗೆ ಇನ್ಸುಲಿನ್ ಹಾಕಿಕೊಂಡು ಮತ್ತೆ ಕಂಬಳಿಯೊಳಗೆ ಸೇರಿದಳು. ನಾನು ಒಲೆಯ ಮುಂದೆ ನಿಂತೆ. ಓಟ್ಸನ್ನು ಎಣ್ಣೆ ಹಾಕದೆ ಹುರಿದು, ತರಿತರಿಯಾಗಿ ಪುಡಿ ಮಾಡಿ, ಉಪ್ಪುನೀರು ಚಿಮುಕಿಸಿ ಬೆರಳ ತುದಿಯಲ್ಲಿ ಉದುರಾಗಿ ಕಲಸಿದೆ. ಇದು ಅಕ್ಕಿಹಿಟ್ಟಿನ ಹಾಗೆ ಮಾತು ಕೇಳುವ ಹಿಟ್ಟಲ್ಲ. ನೀರು ಚೂರು ಹೆಚ್ಚಾದರೆ ಮುದ್ದೆಯಾಗಿ ಕೂತುಬಿಡುತ್ತದೆ. ಪುಟ್ಟು ಬೇಯಿಸುವ ಉದ್ದ ಕೊಳವೆಗೆ ಒಂದು ಹಿಡಿ ಹಿಟ್ಟು, ಮೇಲೊಂದು ಹಿಡಿ ತೆಂಗಿನ ತುರಿ, ಮತ್ತೆ ಹಿಟ್ಟು ತುಂಬಿ ಉಗಿಗೆ ಇಟ್ಟೆ. ತುರಿ ಅಂಗಡಿಯ ಮಂಜುಗಟ್ಟಿದ ಪೊಟ್ಟಣದ್ದು. ಕೈಗೆ ಕೊರೆಯುತ್ತಿತ್ತು.

"ಎಂತ ಚೇಚಿ, ಇವತ್ತೂ ಪುಟ್ಟಾ?" ಎನ್ನುತ್ತ ಲಿಸ್ಸಿ ಬಂದಳು.

ಲಿಸ್ಸಿ ನನ್ನ ತಂಗಿ. ಚೇಚಿ ಎಂದರೆ ಅಕ್ಕ. ನಮ್ಮ ಅಜ್ಜ ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ಹಾಕಿದವರು. ಮನೆಯೊಳಗೆ ಮಲಯಾಳ, ಅಂಗಳ ದಾಟಿದರೆ ತುಳು, ಕಾನ್ವೆಂಟಿನ ಸಿಸ್ಟರ್‌ಗಳ ಎದುರು ಇಂಗ್ಲಿಷ್. ಅಕ್ಕತಂಗಿ ಮಾತಿಗೆ ಕೂತರೆ ಇದೆಲ್ಲ ಕಲಸಿ ಕಡೆಗೆ ಕಡಬದ ಕನ್ನಡವೇ ಆಗುತ್ತದೆ. ಲಿಸ್ಸಿ ನರ್ಸಿಂಗ್ ಕಲಿತು ಈ ದೇಶ ಸೇರಿದವಳು. ಕೆರೆಗಳ ನಡುವಿನ ಈ ಊರಿನ ಹೆಸರು ನನ್ನ ಬಾಯಲ್ಲಿ ಈಗಲೂ ಸರಿಯಾಗಿ ಬರುವುದಿಲ್ಲ.

"ಅವಳಿಗೆ ಇದೇ ಇಷ್ಟ ಅಲ್ವಾ. ಇವತ್ತು ರಿಪೋರ್ಟ್ ಬೇರೆ ಉಂಟು. ಹೊಟ್ಟೆ ತುಂಬಿರ್ಲಿ."

"ಇಲ್ಲಿಯವರಿಗೆ ನಿನ್ನ ಪುಟ್ಟು ತೋರಿಸ್ಬೇಕು. ಪಾಪ, ಓಟ್ಸಿನ ಗಂಜಿ ಕುಡಿದೇ ಜೀವ ಸವೆಸಿದ್ದಾರೆ."

ನಾನು ನಕ್ಕೆ. ಆ ದಿನ ನಗುವುದು ಇನ್ನೂ ಸುಲಭವಿತ್ತು.

ಬಸ್ಸು ತಂಗುದಾಣ

ಇಲ್ಲಿಯ ಜನ ಬಸ್ಸಿಗೆ ಕಾಯುವ ರೀತಿ ನೋಡಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಒಂದು ದನ ಅಡ್ಡ ಮಲಗುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಹಿಮ ಬಿದ್ದರೂ ತಂಗುದಾಣದ ಮಾಡಿನ ಅಡಿಗೆ ಬಾರದೆ ಹೊರಗೆ ನಿಂತವರನ್ನು ಕಂಡಿದ್ದೇನೆ, ಒಳಗೆ ಆಗಲೇ ಒಬ್ಬರಿದ್ದಾರೆ ಎಂಬ ಕಾರಣಕ್ಕೆ. ಬಂದ ಹೊಸತರಲ್ಲಿ ನಾನು ಊರಿನ ಅಭ್ಯಾಸದಲ್ಲಿ ಒಬ್ಬ ಅಜ್ಜಿಯ ಪಕ್ಕ ಹೋಗಿ ನಿಂತು ನಕ್ಕಿದ್ದೆ. ಅವರು ತಮ್ಮ ಕೋಟಿನ ಗುಂಡಿ ಬಿಚ್ಚಿಹೋಗಿದೆಯೇ ಎಂದು ತಡವಿ ನೋಡಿಕೊಂಡರು.

ನಮ್ಮಲ್ಲಿ ಹೀಗಲ್ಲ. ಕಡಬದಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ರೀನುವಿನ ಬ್ಯಾಗಿನ ಇನ್ಸುಲಿನ್ ಪೆನ್ನು ಯಾರಿಗಾದರೂ ಕಂಡರೆ ಮುಂದಿನ ನಿಲ್ದಾಣ ಬರುವುದರೊಳಗೆ ಅರ್ಧ ಬಸ್ಸಿಗೆ ಅವಳ ಕಾಯಿಲೆ ಗೊತ್ತಾಗುತ್ತದೆ, ಉಳಿದರ್ಧ ಮದ್ದು ಹೇಳುತ್ತದೆ. ಆ ಮದ್ದು ಯಾವಾಗಲೂ ಒಂದೇ: ಚಪಾತಿ.

ಈ ಚಪಾತಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಅಕ್ಕಿ ಉಣ್ಣುವ ನಮ್ಮ ಸೀಮೆಯಲ್ಲಿ ಗೋಧಿ ಆಹಾರವಲ್ಲ, ಔಷಧ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಮನೆಗೆ ಲಟ್ಟಣಿಗೆ ಬರುತ್ತದೆ. ಮದುವೆ ಊಟದಲ್ಲೂ "ಶುಗರಿನವರು ಯಾರಿದ್ದೀರಿ?" ಎಂದು ಕೇಳಿಕೊಂಡು ಚಪಾತಿಯ ಪಾತ್ರೆ ಹಿಡಿದು ಒಬ್ಬರು ಬರುವುದುಂಟು. ರೀನುವಿಗೆ ಚಿಕ್ಕವಳಿರುವಾಗಲೇ ಸಕ್ಕರೆ ಕಾಯಿಲೆ ಬಂತು, ಇನ್ಸುಲಿನ್ ಇಲ್ಲದೆ ಬದುಕಲಾಗದ ಜಾತಿಯದು. ಊರೆಲ್ಲ ಹೇಳಿದಂತೆ ನಾನು ಅವಳ ಅನ್ನ ಕಡಿಮೆ ಮಾಡಿ ಎರಡು ಹೊತ್ತು ಚಪಾತಿ ಲಟ್ಟಿಸಿದೆ. ಅವಳು ಬೆಳೆಯುವ ಬದಲು ಬಾಡಿದಳು. ಕೂದಲು ಉದುರಿತು, ಹೊಟ್ಟೆ ಉಬ್ಬಿತು. ಕೊನೆಗೆ ಮಂಗಳೂರಿನ ಒಬ್ಬ ಡಾಕ್ಟರು ಇದು ಸೀಲಿಯಾಕ್ ಎಂದರು. ಗೋಧಿಯ ಗ್ಲುಟೆನ್ ಎಂಬ ಪ್ರೋಟೀನನ್ನು ಕಂಡರೆ ಅವಳ ದೇಹವೇ ಅವಳ ಕರುಳಿನ ಮೇಲೆ ಬೀಳುತ್ತದಂತೆ. ಈ ಎರಡು ಕಾಯಿಲೆಗಳೂ ಒಬ್ಬರಲ್ಲೇ ಜೊತೆಯಾಗಿ ಕಾಣುವುದು ಅಪರೂಪವಲ್ಲವಂತೆ.

ಗೋಧಿ ನಿಂತಿತು. ಆದರೆ ಕರುಳು ಪೂರ್ತಿ ವಾಸಿಯಾಗಲಿಲ್ಲ. ಅನ್ನ ಉಂಡರೆ ಕೆಲವು ದಿನ ಸಕ್ಕರೆ ಒಮ್ಮೆಲೇ ಏರುತ್ತಿತ್ತು. ಕೆಲವು ದಿನ ಉಂಡದ್ದು ಮೈಗೆ ಹತ್ತದೆ, ಹಾಕಿದ ಇನ್ಸುಲಿನ್ ಮಾತ್ರ ಕೆಲಸ ಮಾಡಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ರಾಗಿ, ಜೋಳ, ನವಣೆ ಎಲ್ಲ ಮಾಡಿ ನೋಡಿದೆ. ಗೋಧಿ ಹಾಕಿದ ಗಿರಣಿಗೇ ರಾಗಿಯನ್ನೂ ಹಾಕುತ್ತಾರೆ, ಬೀಸುವವನಿಗೆ ಹೇಳಿದರೆ "ಅಷ್ಟಕ್ಕೆಲ್ಲ ಎಂತ ಆಗುದಿಲ್ಲ ಮಾರಾಯ್ರೆ" ಎನ್ನುತ್ತಾನೆ. ಒಂದು ದಿನ ಪುತ್ತೂರಿನ ಕಾಲೇಜಿನ ಲ್ಯಾಬಿನಲ್ಲಿ ಪಿಪೆಟ್ಟು ಕೈಯಲ್ಲಿ ಹಿಡಿದವಳು ಹಾಗೇ ಕುಸಿದಳು. ಅಲ್ಲಿಗೆ ಕಾಲೇಜು ನಿಂತಿತು.

ಆಗ ಲಿಸ್ಸಿ ಫೋನಿನಲ್ಲಿ ಹೇಳಿದ್ದು: "ಚೇಚಿ, ಇಲ್ಲಿ ಸೀಲಿಯಾಕಿನವರು ಓಟ್ಸ್ ತಿಂತಾರೆ. ನಿಧಾನಕ್ಕೆ ಕರಗ್ತದೆ, ಸಕ್ಕರೆಯನ್ನು ಹಿಡಿದು ನಿಲ್ಲಿಸ್ತದೆ. ಅಲ್ಲಿಯ ಪ್ಯಾಕೆಟಿನ ಓಟ್ಸಿಗೆ ಗೋಧಿ ಸೇರಿರ್ತದೆ, ಅದನ್ನು ಕೊಡ್ಬೇಡ. ಇಲ್ಲಿ ಗೋಧಿಯ ಒಂದು ಕಾಳೂ ಸೇರದ ಓಟ್ಸ್ ಸಿಗ್ತದೆ. ಕರ್ಕೊಂಡು ಬಾ."

ಅಕ್ಕಿ ಒಂದು ಕಡೆ, ಗೋಧಿ ಒಂದು ಕಡೆ, ನಡುವೆ ನನ್ನ ಮಗಳಿಗೆ ಉಳಿದಿದ್ದ ಒಂದೇ ದಾರಿ ಅದು. ಹಾಗೆ ನಾವು ಹೊರಟೆವು. ಸೂಟ್‌ಕೇಸಿನಲ್ಲಿ ಜಾಗವಿಲ್ಲದೆ ಕೈಚೀಲದಲ್ಲಿಟ್ಟ ಪುಟ್ಟಿನ ಕೊಳವೆ ವಿಮಾನ ನಿಲ್ದಾಣದ ಯಂತ್ರದಲ್ಲಿ ಏನೆಂದು ಕಂಡಿತೋ, ಮೂವರು ಸೇರಿ ಪರೀಕ್ಷೆ ಮಾಡಿದರು. ಒಬ್ಬಳು ಅದರ ತುದಿಯಿಂದ ದೂರದರ್ಶಕದಂತೆ ನನ್ನನ್ನೇ ನೋಡಿದಳು. "ಬ್ರೇಕ್‌ಫಾಸ್ಟ್" ಎಂದೆ. ಬೇರೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. ನಮ್ಮ ಕಾನ್ವೆಂಟಿನ ಮದರ್ ಕೇಳಿದ್ದರೆ ತಲೆ ತಗ್ಗಿಸುತ್ತಿದ್ದರು.

ಆಸ್ಪತ್ರೆಯ ನೀಲಿ ಚೀಲಗಳು

ಆಸ್ಪತ್ರೆಯ ಬಾಗಿಲಲ್ಲಿ ಬೂಟಿನ ಮೇಲೆ ಹಾಕಿಕೊಳ್ಳಲು ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಇಟ್ಟಿರುತ್ತಾರೆ. ಹಾಕಿಕೊಂಡು ನಡೆದರೆ ಸರಸರ ಸದ್ದು. ಆ ಸದ್ದು ಬಿಟ್ಟರೆ ಕಾಯುವ ಕೋಣೆಯಲ್ಲಿ ಬೇರೆ ಸದ್ದಿಲ್ಲ. ಸುಳ್ಯದ ಆಸ್ಪತ್ರೆಯಲ್ಲಿ ಕಾದು ಅಭ್ಯಾಸವಿದ್ದ ನನಗೆ ಈ ಮೌನ ಹೆದರಿಕೆ ಹುಟ್ಟಿಸುತ್ತಿತ್ತು. ಅಲ್ಲಿ ಪಕ್ಕದವರ ಮೂಲವ್ಯಾಧಿ, ಅವರ ಸೊಸೆಯ ಸಂಬಳ, ರಬ್ಬರಿನ ದರ ಇಷ್ಟನ್ನು ಕೇಳುವುದರೊಳಗೆ ನಮ್ಮ ಹೆಸರು ಕರೆಯುತ್ತಾರೆ. ಹೆದರಲು ಪುರುಸೊತ್ತೇ ಸಿಗುವುದಿಲ್ಲ.

ನಮ್ಮ ಡಾಕ್ಟರು ಎತ್ತರದ ಹೆಂಗಸು. ಕೂದಲು ಪೂರ್ತಿ ಬೆಳ್ಳಗೆ, ಚಪ್ಪಲಿಯೊಳಗೆ ಕೆಂಪು ಉಣ್ಣೆಯ ಕಾಲುಚೀಲ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸುತ್ತಾರೆ. ಅದು ನಮ್ಮೊಳಗೆ ಇಳಿಯಿತೇ ಎಂದು ಕಾಯುತ್ತಾರೆ. ಮೊದಲ ಸಲ ಬಂದಾಗ ಅವರು ಹೇಳಿದ ಮಾತುಗಳನ್ನು ನಾನು ಜಪಮಾಲೆಯ ಮಣಿಗಳಂತೆ ಮನಸ್ಸಿನಲ್ಲೇ ಉರುಳಿಸಿಕೊಂಡಿದ್ದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಜೀನ್‌ಗಳದ್ದು ಬಹಳ ದೊಡ್ಡ ಸಂಸಾರ. ಓಟ್ಸಿನಲ್ಲಿ ಆ ಜಾತಿಯ ಪ್ರೋಟೀನಿಗೆ ಅವೆನಿನ್ ಎನ್ನುತ್ತಾರೆ, ಅದನ್ನು ಮಾಡುವ ಜೀನ್‌ಗಳು ಸ್ವಲ್ಪವೇ. ಓಟ್ಸಿನ ಹೆಚ್ಚಿನ ಪ್ರೋಟೀನು ಬೇರೆಯೇ ತರದ್ದು, ಅವರೆ, ಅಲಸಂಡೆಗಳಲ್ಲಿ ಇರುವಂಥದು. ಆದ್ದರಿಂದ ಶುದ್ಧ ಓಟ್ಸು ಹೆಚ್ಚಿನ ಸೀಲಿಯಾಕಿನವರಿಗೆ ತೊಂದರೆ ಮಾಡುವುದಿಲ್ಲ.

"ಹೆಚ್ಚಿನವರಿಗೆ" ಎಂಬ ಶಬ್ದ ಆಗ ನನಗೆ ಅಭಯದಂತೆ ಕೇಳಿತ್ತು.

ಮೊದಲು ರೀನುವಿಗೆ ಲಿಸ್ಸಿಯ ಮನೆಯಲ್ಲಿ ಗೋಧಿಯ ಧೂಳೂ ತಾಗದ ಊಟ ಹಾಕಿ, ಕ್ಯಾಮೆರಾದ ಕೊಳವೆ ಇಳಿಸಿ ಕರುಳು ನೋಡಿದ್ದರು. ಊರಿನಲ್ಲಿ ಇದ್ದದ್ದಕ್ಕಿಂತ ಎಷ್ಟೋ ಚೇತರಿಸಿತ್ತು. ಅಂದಿನಿಂದ ಓಟ್ಸ್ ಶುರು. ಬೆಳಿಗ್ಗೆ ಪುಟ್ಟು, ಸಂಜೆ ಓಟ್ಸಿನ ದೋಸೆ. ಅವಳ ಸಕ್ಕರೆಯ ಏರಿಳಿತ ನಿಂತಿತು. ಕಾಲೇಜಿನ ಪುಸ್ತಕ ತೆಗೆದಳು. ನಾನು ಮನೆಗೆ ಫೋನು ಮಾಡಿದಾಗಲೆಲ್ಲ ಇವರಿಗೆ, ಅಂದರೆ ರೀನುವಿನ ಅಪ್ಪನಿಗೆ, ಕೆನ್ನೆ ತುಂಬುತ್ತಿದೆ ಎಂದು ಹೇಳುತ್ತಿದ್ದೆ. ಈಗ ಯೋಚಿಸಿದರೆ, ಅದು ಚಳಿಗೆ ಕೆಂಪಾದ ಕೆನ್ನೆಯಿರಬೇಕು. ಹೋದ ವಾರ ಮತ್ತೆ ಕೊಳವೆ ಇಳಿಸಿ, ರಕ್ತ ತೆಗೆದಿದ್ದರು. ಅದರ ಫಲಿತಾಂಶಕ್ಕೆಂದು ನಾವು ಮೂವರು ಆ ದಿನ ಹೋದದ್ದು.

ಡಾಕ್ಟರು ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ಕರುಳಿನ ಒಳಗೋಡೆ ಹೊಸ ಟವೆಲಿನ ಎಳೆಗಳಂತೆ ಎದ್ದು ನಿಂತಿತ್ತು. ಎರಡನೆಯದು, ಹೋದ ವಾರದ್ದು, ಸವೆದ ಹಳೆಯ ಟವೆಲು. ಅಷ್ಟು ನೋಡಿದ ಮೇಲೆ ನನಗೆ ಇಂಗ್ಲಿಷ್ ಬೇಕಾಗಲಿಲ್ಲ.

"ಓಟ್ಸಿನಲ್ಲಿ ಗೋಧಿ ಸೇರಿರಬಹುದಲ್ಲ?" ಎಂದು ಲಿಸ್ಸಿ ಕೇಳಿದಳು. ಅವಳ ದನಿ ನರ್ಸಿನದ್ದಾಗಿರಲಿಲ್ಲ.

"ನೀವು ತಂದುಕೊಟ್ಟ ಪೊಟ್ಟಣಗಳನ್ನೇ ಪರೀಕ್ಷೆ ಮಾಡಿಸಿದ್ದೇವೆ," ಎಂದರು ಡಾಕ್ಟರು. "ಶುದ್ಧವಾಗಿವೆ." ನಿಲ್ಲಿಸಿದರು. ಕಾದರು. "ಅವಳ ರಕ್ತದಲ್ಲಿ ಅವೆನಿನ್ನನ್ನೇ ಗುರುತು ಹಿಡಿಯುವ ಕೋಶಗಳು ಸಿಕ್ಕಿವೆ. ಅವೆನಿನ್ನಿನ ಒಂದು ಸಣ್ಣ ತುಣುಕು ಸಾಕು, ಅವುಗಳಿಗೆ ಅದು ಗೋಧಿಯ ಹಾಗೇ ಕಾಣುತ್ತದೆ. ಇಂಥವರು ಕೆಲವರೇ. ರೀನು ಅವರಲ್ಲಿ ಒಬ್ಬಳು."

ನನ್ನೊಳಗೆ ಒಂದು ಹುಚ್ಚು ಆಸೆ ಎದ್ದಿತು. ನಮ್ಮ ಕಡೆ ಭತ್ತದಲ್ಲಿ ಎಷ್ಟು ತಳಿ! ಒಂದು ಅಕ್ಕಿ ಆಗದವರಿಗೆ ಇನ್ನೊಂದು ಆಗುತ್ತದೆ. "ಬೇರೆ ತಳಿಯ ಓಟ್ಸ್ ಇಲ್ಲವೇ? ಈ ಜೀನ್ ಇಲ್ಲದ್ದು?" ಎಂದು ಕೇಳಿದೆ.

"ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಹೆಚ್ಚು, ಕಡಿಮೆ. ಆದರೆ ಇವಳು ನಂಬಿ ತಿನ್ನಬಹುದಾದದ್ದು ಎಂದು ನಾನು ಕೊಡಬಲ್ಲ ಒಂದು ಓಟ್ಸೂ ಇವತ್ತು ನನ್ನ ಬಳಿ ಇಲ್ಲ. ಆ ಜೀನ್‌ಗಳನ್ನು ತೆಗೆದ ಓಟ್ಸ್ ಮುಂದೆ ಬರಬಹುದು. ಯಾವಾಗ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ."

ಆಮೇಲೆ ಅವರು ರೀನುವಿನ ಕಡೆ ತಿರುಗಿದರು. "ನಿನಗೆ ನೋವು ಇತ್ತಲ್ಲವೇ? ಯಾವಾಗಿನಿಂದ?"

ನಾನು ಇಲ್ಲ ಎಂದು ಹೇಳಲು ಬಾಯಿ ತೆರೆದೆ. ರೀನು ನೀಲಿ ಚೀಲದೊಳಗಿನ ತನ್ನ ಬೂಟನ್ನೇ ನೋಡುತ್ತ, "ಶುರುವಿನಿಂದಲೇ," ಎಂದಳು.

ಈ ದೇಶದವರ ಮೌನದ ಬಗ್ಗೆ ಊರಿಗೆ ಹೋಗಿ ನಗುತ್ತ ಹೇಳಬೇಕೆಂದುಕೊಂಡಿದ್ದೆ. ಅವತ್ತು ಆ ಡಾಕ್ಟರು ಸುಮ್ಮನೆ ಕೂತದ್ದು ಮಾತ್ರ ದೊಡ್ಡ ಉಪಕಾರ. ಅವರು ಸಮಾಧಾನದ ಒಂದು ಶಬ್ದ ಹೇಳಿದ್ದರೂ ನಾನು ಅಲ್ಲಿಯೇ ಗೋಳೋ ಎನ್ನುತ್ತಿದ್ದೆ.

ಕಾಫಿ ಅಂಗಡಿ

ಲಿಸ್ಸಿ ಔಷಧಿಯ ಅಂಗಡಿಗೆ ಹೋದಳು. ನಾವಿಬ್ಬರು ಕೆರೆಯ ಬದಿಯ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಇಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ ಪ್ರತಿ ತಿಂಡಿಯ ಮುಂದೆ ಗೋಧಿ ಇದೆಯೋ ಇಲ್ಲವೋ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಸೀಲಿಯಾಕ್ ಎಂದರೆ ಅಂಗಡಿಯ ಹುಡುಗಿ ಹುಬ್ಬೇರಿಸುವುದಿಲ್ಲ, ಬೇರೆ ಇಕ್ಕಳ ತೆಗೆದುಕೊಳ್ಳುತ್ತಾಳೆ, ಅಷ್ಟೆ. ನಮ್ಮಲ್ಲಿ ಮದುವೆಗೆ ಹೋದರೆ "ಒಂದು ತುಂಡು ಕೇಕು ತಿಂದ್ರೆ ಎಂತ ಸಾಯ್ತಾಳಾ?" ಎಂದು ಸ್ವಂತ ಅತ್ತಿಗೆಯೇ ಬಾಯಿಗೆ ತುರುಕಲು ಬರುತ್ತಾರೆ. ಭಾನುವಾರ ಇಗರ್ಜಿಯಲ್ಲಿ ಎಲ್ಲರೂ ಪರಮಪ್ರಸಾದಕ್ಕೆ ಸಾಲು ನಿಂತಾಗ ಇವಳು ಬೆಂಚಿನಲ್ಲೇ ಕೂತಿರುತ್ತಾಳೆ, ಅದೂ ಗೋಧಿಯ ಅಪ್ಪವೇ. ಹಿಂದಿನ ಬೆಂಚಿನವರು ಪ್ರಸಾದ ತೆಗೆದುಕೊಳ್ಳಲಾಗದಂಥ ಏನು ಪಾಪ ಮಾಡಿದಳೋ ಎಂದು ನೋಡುತ್ತಾರೆ.

ಆ ದಿನ ಗಾಜಿನ ಪೆಟ್ಟಿಗೆಯಲ್ಲಿ ಗೋಧಿ ಇಲ್ಲದ ತಿಂಡಿಗಳು ಸಾಲಾಗಿದ್ದವು. ಹುಡುಗಿ ಒಂದೊಂದನ್ನೇ ನಗುನಗುತ್ತ ತೋರಿಸಿದಳು. ಎಲ್ಲದರಲ್ಲೂ ಓಟ್ಸ್ ಇತ್ತು.

ಎರಡು ಕಪ್ಪು ಕಾಫಿ ತಂದು ಕೂತೆವು.

"ಯಾಕೆ ಮೋಳೆ ಹೇಳ್ಲಿಲ್ಲ?" ಎಂದೆ. ಮೋಳೆ ಎಂದು ಅವಳನ್ನು ಕರೆಯುವುದು ಅವಳಿಗೆ ಹುಷಾರಿಲ್ಲದಾಗ ಮಾತ್ರ. ಮಗಳೇ ಎಂದು ಅದರ ಅರ್ಥ.

"ಮೊದಲು ಸ್ವಲ್ಪವೇ ಇತ್ತು. ಅಭ್ಯಾಸ ಆಗ್ತದೆ ಅಂದ್ಕೊಂಡೆ."

"ಆಮೇಲೆ?"

ಅವಳು ಕಪ್ಪಿನ ಅಂಚಿನಲ್ಲಿ ಬೆರಳು ಸುತ್ತಿಸಿದಳು. ಚುಚ್ಚಿ ಚುಚ್ಚಿ ಆ ಬೆರಳ ತುದಿ ಜರಡಿಯ ಹಾಗಾಗಿದೆ. "ಸಕ್ಕರೆ ಸರಿ ಬರ್ತಿತ್ತಲ್ಲ ಮಮ್ಮಿ. ಈ ವರ್ಷ ಪರೀಕ್ಷೆಗೆ ಕೂರ್ಬಹುದು ಅಂತ ಇತ್ತು. ಮತ್ತೆ ನೀನು ಅಷ್ಟು ಖುಷಿಯಲ್ಲಿ ಪುಟ್ಟು ಮಾಡ್ತಿದ್ದಿ. ಕೊಳವೆಯಿಂದ ಮುರಿಯದೆ ಪೂರ್ತಿ ಬಂದ್ರೆ ಒಬ್ಬಳೇ ನಗ್ತಿದ್ದಿ. ಊರಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೋಡ್ಲೇ ಇಲ್ಲ."

ನಾನು ಕೆರೆಯ ಕಡೆ ನೋಡಿದೆ. ಆಗಲೇ ಕತ್ತಲಿಳಿಯುತ್ತಿತ್ತು, ನಮ್ಮಲ್ಲಾದರೆ ಮಕ್ಕಳು ಶಾಲೆಯಿಂದ ಬರುವ ಹೊತ್ತು. ನೀರು ಯಾವುದು, ಆಕಾಶ ಯಾವುದು ತಿಳಿಯಲಿಲ್ಲ.

ಊರಿನಲ್ಲಾಗಿದ್ದರೆ ಬೈಯಲು ಯಾರಾದರೂ ಇರುತ್ತಿದ್ದರು. ಗಿರಣಿಯವನನ್ನು ಬೈಯಬಹುದಿತ್ತು, ಪ್ಯಾಕೆಟಿನವರನ್ನು ಬೈಯಬಹುದಿತ್ತು, ಕೇಕು ತುರುಕುವ ಅತ್ತಿಗೆಯನ್ನು ಬೈಯಬಹುದಿತ್ತು. ಇಷ್ಟು ದೂರ ಬಂದು ಕಲಬೆರಕೆಯಿಲ್ಲದ ಓಟ್ಸನ್ನು ಪಡೆದು, ಚೊಕ್ಕ ಕೈಯಲ್ಲಿ, ಚೊಕ್ಕ ಪಾತ್ರೆಯಲ್ಲಿ ಮಾಡಿ ಬಡಿಸಿದ್ದೆ. ಓಟ್ಸಿನದ್ದೂ ತಪ್ಪಿಲ್ಲ, ಅದರ ಜೀನ್‌ಗಳು ಸ್ವಲ್ಪವೇ. ಉಳಿದದ್ದು ನಮ್ಮ ಜೀನ್. ಸೀಲಿಯಾಕಿಗೆ ದಾರಿ ಮಾಡಿಕೊಡುವ ಒಂದು ಜೀನ್ ತಂದೆ ತಾಯಿಯಿಂದ ಬರುತ್ತದಂತೆ. ನನ್ನ ರಕ್ತದಲ್ಲಿ ಅದು ಇದೆ, ಇಲ್ಲಿಯ ಆಸ್ಪತ್ರೆಯಲ್ಲೇ ನೋಡಿ ಹೇಳಿದರು. ನಾನು ಸುಳ್ಯದ ಹೋಟೆಲಿನ ಪರೋಟ ತಿಂದು ಬೆಳೆದವಳು. ಒಂದು ದಿನವೂ ಹೊಟ್ಟೆ ನೋವು ಎಂದು ಮಲಗಿದವಳಲ್ಲ. ನನ್ನಲ್ಲಿ ಸುಮ್ಮನೆ ನಿದ್ದೆ ಮಾಡುತ್ತಿದ್ದದ್ದು ಅವಳಲ್ಲಿ ಎದ್ದು ಕೂತಿದೆ.

"ಇನ್ನು ಎಂತ ತಿನ್ನುದು ನಾನು?" ಎಂದು ರೀನು ಕೇಳಿದಳು. ಅವಳ ದನಿಯಲ್ಲಿ ದೂರಿರಲಿಲ್ಲ, ನಾಳೆ ಬಸ್ಸು ಎಷ್ಟಕ್ಕೆ ಎಂದು ಕೇಳಿದ ಹಾಗಿತ್ತು.

ಅಮ್ಮನಾದವಳಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಬೇರೆ ಏನೂ ಗೊತ್ತಿಲ್ಲದಿದ್ದರೂ ಅದೊಂದು ಗೊತ್ತಿರಬೇಕು.

ಮತ್ತೆ ಲಿಸ್ಸಿಯ ಮನೆ

ಲಿಫ್ಟಿನಲ್ಲಿ ಯಾರೂ ಇರಲಿಲ್ಲ. ಈ ಕಟ್ಟಡದವರು ಹೊರಗೆ ಬರುವ ಮೊದಲು ಬಾಗಿಲಿನ ತೂತಿನಿಂದ ನೋಡಿ, ಮೊಗಸಾಲೆ ಖಾಲಿಯಾದ ಮೇಲೆಯೇ ಬರುವವರು. ಅವತ್ತು ಅದು ನನಗೂ ಸರಿಯೆನಿಸಿತು. ಊರಿನಲ್ಲಾದರೆ ಆಸ್ಪತ್ರೆಯಿಂದ ಬರುವಾಗ ಗೇಟಿನಿಂದ ಮನೆಯ ಮೆಟ್ಟಿಲಿನವರೆಗೆ ನಾಲ್ಕು ಜನಕ್ಕೆ ಅದೇ ಕಥೆ ಹೇಳಬೇಕು.

ಮನೆಯೊಳಗೆ ಬೆಳಗಿನ ಪುಟ್ಟಿನ ವಾಸನೆ ಇನ್ನೂ ಇತ್ತು. ಲಿಸ್ಸಿ ಕೋಟು ಕೂಡ ತೆಗೆಯದೆ ಕುರ್ಚಿಯಲ್ಲಿ ಕೂತಳು.

"ನಾನೇ ಕರೆದದ್ದು ಚೇಚಿ. ಸುಮ್ಮನೆ ಇದ್ರೆ ಆಗ್ತಿತ್ತು."

"ನೀನು ಸುಮ್ಮನೆ ಇದ್ದಿದ್ರೆ ನಾನು ನಿನ್ನನ್ನು ಬಿಡ್ತಿದ್ನಾ? ತಂಗಿ ನರ್ಸಾಗಿ ಎಂತ ಪ್ರಯೋಜನ ಅಂತಿದ್ದೆ."

"ಹೇಳ್ತಿದ್ದಿ ನೀನು. ನಿನ್ನ ಬಾಯಿ ನನಗೆ ಗೊತ್ತಿಲ್ವಾ?" ಎಂದು ಅವಳು ಅರ್ಧ ನಕ್ಕು, ಆಮೇಲೆ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನಾನು ಅನ್ನಕ್ಕೆ ಇಟ್ಟೆ. ಡಾಕ್ಟರು ಹೇಳಿದ್ದು ಅಷ್ಟೆ: ಓಟ್ಸ್ ನಿಲ್ಲಿಸಿ, ಮತ್ತೆ ಅಕ್ಕಿ, ಸ್ವಲ್ಪ ಸ್ವಲ್ಪವಾಗಿ, ಸಕ್ಕರೆ ಪದೇ ಪದೇ ನೋಡಿಕೊಂಡು. ಕರುಳು ವಾಸಿಯಾಗಲು ಕಾಯಬೇಕು. ಕಾಲೇಜು? ಈ ವರ್ಷ ಬೇಡ. ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ಬಂದೆವು, ಹೋಗುವಾಗ ಇದ್ದ ಒಂದು ಆಸೆಯೂ ಈಗ ಇಲ್ಲ. ರೀನು ಬೇಯುತ್ತಿರುವ ಅನ್ನದ ಪಾತ್ರೆಯನ್ನು ಒಮ್ಮೆ ಇಣುಕಿ ನೋಡಿ, ಕೋಣೆಗೆ ಹೋಗಿ ಕಾಲೇಜಿನ ಪುಸ್ತಕಗಳನ್ನು ಸೂಟ್‌ಕೇಸಿನ ತಳಕ್ಕೆ ಇಟ್ಟಳು. ಅದರ ಮೇಲೆ ಸ್ವೆಟರ್ ಮಡಚಿ ಇಟ್ಟಳು.

ಅಷ್ಟರಲ್ಲಿ ಊರಿನಿಂದ ಫೋನು. ರೀನುವಿನ ಅಪ್ಪನಿಗೆ ಆಗಲೇ ಹೇಳಿಯಾಗಿತ್ತು. ಅವರು "ಹೂಂ" ಎಂದು ಎರಡು ಸಲ ಹೇಳಿ, ಮಳೆ ಬರ್ತಾ ಉಂಟು ಎಂದು ಇಟ್ಟುಬಿಟ್ಟಿದ್ದರು. ಇದು ಪಕ್ಕದ ಮನೆಯ ಸುಮತಿಯಕ್ಕ. ನಾವು ಹೊರಟಂದಿನಿಂದ ಇವರಿಗೆ ಸಾರು, ಪಲ್ಯ ಕೊಟ್ಟು ನೋಡಿಕೊಳ್ಳುತ್ತಿರುವವರು. ಒಳ್ಳೆಯ ಹೆಂಗಸು, ಮಾತು ಮಾತ್ರ ಕೊಂಚ ಮುಂದೆ ಓಡುತ್ತದೆ.

"ಜೆಸ್ಸಿಯಕ್ಕ, ಹೇಳಿದ್ರು ನಿಮ್ಮವರು. ಛೆ ಛೆ. ಆ ಮಗುವಿನ ಹಣೆಯಲ್ಲಿ ಎಂತ ಬರ್ದಿದ್ದಾನೋ. ನೀವು ಊಟ ಮಾಡಿದ್ರಾ?"

"ಮಾಡ್ಬೇಕು ಸುಮತಿಯಕ್ಕ."

"ಮಾಡಿ, ಮಾಡಿ. ಇಲ್ಲಿ ನಮ್ಮವರಿಗೂ ಕೊಲೆಸ್ಟ್ರಾಲ್ ಅಂತ ಹೇಳಿ ಡಾಕ್ಟ್ರು ಪಟ್ಟಿ ಕೊಟ್ಟಿದ್ದಾರೆ ಮಾರಾಯ್ರೆ, ಎಂತದೂ ತಿನ್ಲಿಕ್ಕಿಲ್ಲ. ಅವಳ ಓಟ್ಸ್ ಪ್ಯಾಕೆಟ್ ಎಲ್ಲ ಉಳಿದಿರ್ಬೇಕಲ್ಲ ಈಗ? ಬಿಸಾಡ್ಬೇಡಿ, ಬರುವಾಗ ಹಿಡ್ಕೊಂಡು ಬನ್ನಿ. ಒಳ್ಳೆ ಸಾಮಾನಲ್ವಾ, ಯಾರಾದ್ರೂ ತಿನ್ಲಿ."